ಕಲ್ಮೇಶನ ಬಲಗೈ

ಅಮೆರಿಕದ ಷಾರ್ಲೆಟ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಸೈಕಲ್ ತುಳಿಯುವುದನ್ನೇ ಉದ್ಯೋಗ ಮಾಡಿಕೊಂಡ ಮೊದಲಿಗ ಕಲ್ಮೇಶ. ಯುಗಾದಿ ಊಟದ ಸಾಲಿನಲ್ಲಿ "ಯಾವ ಕಂಪನಿ?" ಎಂದು ಕೇಳಿದವರೆಲ್ಲ ಅವನ ಉತ್ತರ ಕೇಳಿ ಒಬ್ಬಟ್ಟಿನ ಕಡೆ ತಿರುಗಿಬಿಡುತ್ತಿದ್ದರು. ಕಂಪನಿ ಇಲ್ಲದ ಗಂಡಸು ನಮ್ಮ ಜನಕ್ಕೆ ಅರ್ಥವೇ ಆಗುವುದಿಲ್ಲ. ನಾನು ವೆಂಕಟೇಶ, ನಿವೃತ್ತ ನರರೋಗ ವೈದ್ಯ. ಅವನ ಮನೆಯಿಂದ ಎರಡು ಬೀದಿ ಆಚೆ ಇದ್ದೇನೆ.

ಅವನು ವಿಜಯಪುರದ ಕಡೆಯವನು. ಹನ್ನೆರಡನೇ ವಯಸ್ಸಿಗೆ ಕ್ರೀಡಾ ಹಾಸ್ಟೆಲ್ ಸೇರಿದ. ರಾಷ್ಟ್ರಮಟ್ಟದ ಪದಕಗಳು ಬಂದವು, ಪದಕದಿಂದ ರೈಲ್ವೆ ನೌಕರಿ ಸಿಕ್ಕಿತು. 2020ರಲ್ಲಿ ಅದನ್ನೂ ಬಿಟ್ಟು ಹೆಂಡತಿ ಶೀತಲ್ ಜೊತೆ ಇಲ್ಲಿಗೆ ಬಂದ. ಅವಳ ವೀಸಾದ ಆಸರೆಯಲ್ಲಿ ಬಂದವನಿಗೆ ಇಲ್ಲಿ ದುಡಿಯುವ ಹಕ್ಕಿರಲಿಲ್ಲ. ಹತ್ತಿರದ ರಾಕ್ ಹಿಲ್ ಊರಿನ ಸೈಕಲ್ ಟ್ರ್ಯಾಕ್‌ನಲ್ಲಿ ಸುಮ್ಮನೆ ಅಭ್ಯಾಸ ಮಾಡುತ್ತಿದ್ದ. ಒಂದು ವೃತ್ತಿಪರ ತಂಡ ಕರೆಯಿತು. ವರ್ಕ್ ಪರ್ಮಿಟ್ ಬರಲಿ ಎಂದ. ಅದು ಬರುವಷ್ಟರಲ್ಲಿ 2023 ಆಗಿತ್ತು, ಅವನಿಗೆ ಮೂವತ್ತಾರು.

ಪರ್ಮಿಟ್ ಬಂದ ವಾರವೇ ನಮ್ಮ ಅಡುಗೆಮನೆಯಲ್ಲಿ ಕೂತು ಬಲಗೈ ಚಾಚಿದ. ಹಿಂದೊಮ್ಮೆ ಬಿದ್ದು ಕುತ್ತಿಗೆಗೆ ಪೆಟ್ಟಾಗಿತ್ತಂತೆ. ಪಿನ್ನಿನಿಂದ ಚುಚ್ಚಿ ನೋಡಿದೆ. ಮೂರು ಬೆರಳಿಗೆ ಗೊತ್ತೇ ಆಗಲಿಲ್ಲ.

"ಟೀಮಿಗೆ ಹೇಳಪ್ಪ. ಈ ಕೈ ಇಟ್ಕೊಂಡು ರೇಸ್ ಮಾಡ್ಬಾರ್ದು."

"ಹೇಳಿದ್ರ ತಗದ್ ಹಾಕ್ತಾರ್ರಿ ಅಂಕಲ್. ಮೂರು ವರ್ಷ ಕಾದೀನ್ರಿ. ಒಂದ್ ಸೀಸನ್ ಆಡ್ತೀನಿ, ಆಮ್ಯಾಲ ನಾನ ಹೇಳ್ತೀನಿ. ನೀವು ಯಾರಿಗೂ ಹೇಳಬ್ಯಾಡ್ರಿ."

ಮೂರು ವರ್ಷ ಕಾದವನಿಗೆ ಆಗದು ಎನ್ನಲಾಗಲಿಲ್ಲ. ಬಾಯಿ ಮುಚ್ಚಿಕೊಂಡೆ.

ಅವನ ಪಂದ್ಯದ ಹೆಸರು ಮ್ಯಾಡಿಸನ್. ಜೋಡಿಯಲ್ಲಿ ಒಬ್ಬ ಜೋರಾಗಿ ತುಳಿಯುತ್ತಿದ್ದರೆ, ಇನ್ನೊಬ್ಬ ಟ್ರ್ಯಾಕ್‌ನ ಮೇಲಂಚಿನಲ್ಲಿ ನಿಧಾನವಾಗಿ ಸುತ್ತುತ್ತಿರುತ್ತಾನೆ. ಸರದಿ ಬದಲಾಗುವಾಗ ತುಳಿಯುತ್ತಿದ್ದವನು ಜೊತೆಗಾರನ ಕೈ ಹಿಡಿದು ಮುಂದಕ್ಕೆ ಎಸೆಯಬೇಕು. ಆ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ. ಹಿಡಿದ ಕೈಯನ್ನು ಸರಿಯಾದ ಕ್ಷಣಕ್ಕೆ ಬಿಡಲೇಬೇಕು.

ಜೊತೆಗಾರ ನಿಖಿಲ್ ಅಟ್ಲಾಂಟಾದಲ್ಲೇ ಹುಟ್ಟಿ ಬೆಳೆದವನು, ಇಪ್ಪತ್ನಾಲ್ಕು ವರ್ಷ. ಕಲ್ಮೇಶನನ್ನು ಅಂಕಲ್ ಎಂದೇ ಕರೆದು ರೇಗಿಸುತ್ತಿದ್ದ. ಜೂನ್‌ನಲ್ಲಿ ಅಟ್ಲಾಂಟಾ ಹತ್ತಿರ ಅವರ ಮೊದಲ ಪಂದ್ಯ. ನಾನೂ ಶೀತಲ್ಲೂ ಕಟಕಟೆ ಹಿಡಿದು ನಿಂತಿದ್ದೆವು. ಐದು ಸರದಿ ಸಲೀಸಾಗಿ ಬದಲಾದವು. ಆರನೆಯದರಲ್ಲಿ ಕಲ್ಮೇಶ ಎಸೆದ, ಆದರೆ ಬೆರಳು ಬಿಚ್ಚಲಿಲ್ಲ. ತಾನು ಬಿಟ್ಟಿದ್ದೇನೆ ಎಂದೇ ಅವನು ತಿಳಿದಿದ್ದ. ನಿಖಿಲ್‌ನ ಸೈಕಲ್ ಅಡ್ಡ ತಿರುಗಿ ಬಿತ್ತು, ಹಿಂದಿನಿಂದ ಇಬ್ಬರು ಅವನ ಮೇಲೆಯೇ ಬಂದರು. ನಿಖಿಲ್‌ನ ಸೊಂಟದ ಮೂಳೆ ಮುರಿಯಿತು.

ಯಾರಿಗೂ ಕಾರಣ ಹೇಳದೆ ಕಲ್ಮೇಶ ತಂಡ ಬಿಟ್ಟ. ಅವನ ವೃತ್ತಿ ಅಲ್ಲಿಗೆ ಮುಗಿಯಿತು. ಒಂದೇ ಪಂದ್ಯ, ಅದೂ ಅರ್ಧ.

ಅಕ್ಟೋಬರ್‌ನಲ್ಲಿ ನಾನೂ ಕಲ್ಮೇಶನೂ ನಿಖಿಲ್‌ನನ್ನು ನೋಡಲು ಅಟ್ಲಾಂಟಾಕ್ಕೆ ಹೊರಟೆವು. ನಾಲ್ಕು ಗಂಟೆಯ ದಾರಿ. ನಡೆಯುವುದನ್ನು ಮತ್ತೆ ಕಲಿಸುವ ಕೋಣೆಯಲ್ಲಿ, ಎರಡು ಕಂಬಿಗಳ ನಡುವೆ, ಗಾಲಿಕುರ್ಚಿಯಲ್ಲಿ ನಿಖಿಲ್ ಕೂತಿದ್ದ.

"ಸಾರಿ ಅಂಕಲ್. ನಾನೇ ಕೈ ಲೇಟಾಗಿ ಬಿಟ್ಟೆ. ಮೈ ಬ್ಯಾಡ್," ಎಂದು ಏಳಲು ಕೈ ಚಾಚಿದ.

ಕಲ್ಮೇಶ ಆ ಕೈ ಹಿಡಿಯಲಿಲ್ಲ. "ನಿಂದಲ್ಲೋ ತಪ್ಪು, ನಂದು. ನನ್ನ ಕೈಗೆ ಮದ್ಲಿಂದನೂ ಸ್ಪರ್ಶ ಇಲ್ಲ. ನಿನಗ ಹೇಳಲಿಲ್ಲ," ಎಂದವನೇ ಅತ್ತುಬಿಟ್ಟ.

ನಿಖಿಲ್ ನನ್ನ ಕಡೆ ತಿರುಗಿದ.

"ಡಾಕ್ಟರ್ ಅಂಕಲ್, ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದೆ.

ಅವನು ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡು, ಕಂಬಿ ಹಿಡಿದು, ತಾನೇ ಏಳಲು ನೋಡಿದ. ಆಗಲಿಲ್ಲ. ನಮ್ಮಿಬ್ಬರನ್ನೂ ಮತ್ತೆ ಆಸರೆಗೆ ಕರೆಯಲಿಲ್ಲ.