ಹೆರಿಗೆಗೊಂದು ತೆಂಗಿನಕಾಯಿ

ಹಳೆಯ ಬಕೆಟಿನ ತಳ ಕೊಯ್ದು, ಆ ತೂತಿಗೆ ಸೈಕಲ್ ಟ್ಯೂಬ್ ಹೊಲಿದು, ಮೇಲೊಂದು ನೈಟಿ ಹೊದಿಸಿದರೆ ನಮ್ಮ ನರ್ಸಿಂಗ್ ಕಾಲೇಜಿನ ಹೆರಿಗೆ ಪಾಠಕ್ಕೆ ತಾಯಿ ಸಿದ್ಧ. ಮಗುವಿನ ತಲೆಗೆ ಮಾತ್ರ ನಾನು ಅಡುಗೆಮನೆಗೇ ಕೈಹಾಕಬೇಕಾಯಿತು. ಜುಟ್ಟು ಕಿತ್ತ ತೆಂಗಿನಕಾಯಿಗೆ ಮೂರು ಕಣ್ಣಿರುತ್ತದಲ್ಲ, ಹುಟ್ಟುವ ಮಗುವಿನ ತಲೆಯ ಹಿಂಭಾಗದಲ್ಲಿ ಮೂಳೆಗಳ ನಡುವಿನ ಮೂರು ಗೆರೆ ಸೇರುವ ಜಾಗಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ಬೇಡ. ಅದು ಬೆರಳಿಗೆ ಸಿಕ್ಕರೆ ಮಗು ಯಾವ ಕಡೆ ತಿರುಗಿದೆ ಎಂದು ತಿಳಿಯುತ್ತದೆ. ಕ್ಲಾಸಿನಲ್ಲಿ ಆ ಜಾಗಕ್ಕೆ ನಾವು 'ಕಣ್ಣು' ಎಂದೇ ಹೆಸರಿಟ್ಟಿದ್ದೆವು.

"ಎಂತ ಮಾರಾಯ್ತಿ, ಗಸಿಗೆ ಅರೆಯಲಿಕ್ಕೇ ಕಾಯಿ ಇಲ್ಲ, ನಿಂಗೆ ಹೆರಿಗೆಗೆ ಕಾಯಿಯಾ?" ಎಂದರು ಅತ್ತೆ. ಬೈಯುತ್ತಲೇ ದೊಡ್ಡದೊಂದನ್ನು ಆರಿಸಿ ಕೊಟ್ಟರು.

ನಮ್ಮ ವಿಭಾಗದ ಮುಖ್ಯಸ್ಥರು ಘಟ್ಟದ ಮೇಲಿನವರು. ಅವರಿಗೆ ಇದು ಸುತರಾಂ ಹಿಡಿಸಲಿಲ್ಲ. "ಒಂದು ಕ್ಲಾಸ್ ನೋಡ್ತೀನಿ. ಸರಿಬರ್ಲಿಲ್ಲ ಅಂದ್ರೆ ಗುಜರಿಗೆ" ಎಂದುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಹೆರಿಗೆ ಕಲಿಸುವ ಬೊಂಬೆ ತರಿಸಲು ದುಡ್ಡಿಲ್ಲ, ಬಕೆಟ್ಟೂ ಬೇಡವೆಂದರೆ ಈ ಮಕ್ಕಳು ಬರೀ ಚಿತ್ರ ನೋಡಿಕೊಂಡು ಹೆರಿಗೆ ಕೋಣೆಗೆ ಹೋಗಬೇಕೇ?

ಆ ದಿನ ಮೊದಲು ಕೈಹಾಕಿದವಳು ಈಶ್ವರಮಂಗಲದ ತೋಟದ ಮನೆಯ ಹುಡುಗಿ. ಮುಖ್ಯಸ್ಥರು ಪಕ್ಕದಲ್ಲೇ ನಿಂತಿದ್ದರು. ಬಕೆಟಿನೊಳಗಿಂದ ಟಕ್ ಟಕ್ ಎಂದು ಸದ್ದು ಬಂತು.

"ಏನು ಸಿಕ್ತಮ್ಮಾ?" ಎಂದರು ಮುಖ್ಯಸ್ಥರು.

"ಒಳ್ಳೆ ಬೆಳೆದದ್ದು ಸರ್. ನೀರುಂಟು."

ಅಯ್ಯೋ ದೇವರೇ! ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನಮ್ಮ ಕಡೆ ಕೈಗೆ ಕಾಯಿ ಸಿಕ್ಕರೆ ತಟ್ಟದೆ ಇರುವವರು ಯಾರು?

"ಮಗುವಿನ ತಲೆಗೆ ಮೊಟಕ್ತೀಯಾ!" ಎಂದು ಮುಖ್ಯಸ್ಥರು ಕೆಂಡವಾದರು. ಹುಡುಗಿ ಅಳುಮೋರೆ ಮಾಡಿಕೊಂಡು, "ಕಣ್ಣು ತಾಯಿಯ ಎಡಕ್ಕೆ, ಮುಂದೆ ಉಂಟು ಸರ್" ಎಂದಳು. ನಂಬದೆ ಅವರೇ ಕೈಹಾಕಿದರು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಕೈ ಮಾತ್ರ ಹೊರಗೆ ತೆಗೆಯಲಿಲ್ಲ. ಆಮೇಲೆ ಒಳಗಿಂದ ಮತ್ತೆ ಟಕ್ ಟಕ್. "ಬಕೆಟ್ ಇರ್ಲಿ ಬಿಡಿ" ಎಂದು ಕೈ ಒರೆಸಿಕೊಂಡು ಹೊರಟುಹೋದರು.

ಮುಂದೆ ನಿಜವಾದ ಹೆರಿಗೆ ಕೋಣೆಯಲ್ಲಿ ಅದೇ ಹುಡುಗಿ ಮೊದಲ ಸಲ ಗ್ಲೌಸ್ ಹಾಕಿ ಗರ್ಭಿಣಿಯನ್ನು ಪರೀಕ್ಷಿಸಲು ನಿಂತಾಗ ನನ್ನ ಜೀವ ಬಾಯಿಗೆ ಬಂದಿತ್ತು. "ತಟ್ಟಬೇಡ" ಎಂದು ಪಿಸುಗುಟ್ಟಿದೆ.

"ತಟ್ಟುದಿಲ್ಲ ಮೇಡಂ." ಅವಳ ಮುಖ ಒಮ್ಮೆಲೇ ಅರಳಿತು. "ಕಣ್ಣು ಸಿಕ್ತು!"

ಮಂಚದ ಮೇಲಿದ್ದ ತಾಯಿ ನೋವು ಮರೆತು ತಲೆಯೆತ್ತಿದಳು.

"ಅಯ್ಯಯ್ಯೋ! ಮಗುವಿನ ಕಣ್ಣಿಗೆ ಬೆರಳು ಹಾಕಿದ್ರಾ?"