ನಾನು ಸರಿಸಿದ ಗಣಪತಿ

ಇವತ್ತು ಬಂದ ಮದುವೆ ಕಾರ್ಡಿನ ಶಾಯಿ ವಾಸನೆಗೆ ಕೊಳ್ಳೇಗಾಲದಲ್ಲಿದ್ದ ಅಪ್ಪನ ಡಿಟಿಪಿ ಅಂಗಡಿ ನೆನಪಾಯಿತು. ಅಲ್ಲಿ ಪುಟ ಜೋಡಿಸುತ್ತಿದ್ದವರು ಮಧುವನಹಳ್ಳಿಯ ಜಯಕ್ಕ. ಸಾಲು ಒಂದಿಷ್ಟು ಜರುಗಿದರೂ ಪರದೆಗೇ ಸ್ಕೇಲು ಹಿಡಿದು ಸರಿಮಾಡುತ್ತಿದ್ದರು.

ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ, ಒಪ್ಪಿಗೆಯಾಗಿದ್ದ ಲಗ್ನಪತ್ರಿಕೆಯ ಗಣಪತಿ ಚಿತ್ರವನ್ನು ನಾನು ಆಟಕ್ಕೆಂದು ಮೇಲೆ ಸರಿಸಿದೆ. ಕೆಳಗಿನ ತಲೆಬರಹಗಳು ಇದ್ದಲ್ಲೇ ಉಳಿದು, ಹೆಸರುಗಳು ಮಾತ್ರ ಒಂದೊಂದು ಸಾಲು ಮೇಲೇರಿದವು. ‘ಸುಖಾಗಮನ ಬಯಸುವವರು’ ಎಂಬ ಎರಡನೇ ಪಟ್ಟಿಯ ಮೊದಲಿಗಿದ್ದ, ಇನ್ನೂ ಬದುಕಿದ್ದ ಮದುವೆ ಮನೆಯ ಅಜ್ಜನ ಹೆಸರು ‘ಸ್ವರ್ಗಸ್ಥ ಹಿರಿಯರು’ ಪಟ್ಟಿಯ ಕೊನೆಗೆ ಹೋಗಿ ಕೂತಿತು. ಹಾಗೆಯೇ ಅಚ್ಚಾಯಿತು.

ಅಗರದಿಂದ ಆ ಅಜ್ಜನೇ ಕಾರ್ಡು ಹಿಡಿದು ಬಂದರು. “ನಾ ಯಾವಾಗ ಸತ್ತೆ ಸಾ? ನಂಗೂ ಒಂದ್ ಮಾತ್ ಏಳ್ಬಾರ್ದಾ?”

“ನಾ ನೋಡ್ದಾಗ ಸರಿಯಾಗಿತ್ತು ಸಾ,” ಎಂದರು ಜಯಕ್ಕ.

“ಮತ್ತೆ ಕಂಪ್ಯೂಟರ್ ತಾನಾಗೇ ಸರಿಸ್ತಾ? ನಾಳೆಯಿಂದ ಬರ್ಬೇಡಮ್ಮ,” ಎಂದರು ಅಪ್ಪ.

ಜಯಕ್ಕ ಒಮ್ಮೆ ನನ್ನತ್ತ ನೋಡಿದರು. ನಾನು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದತೊಡಗಿದೆ.

ಹೆದರಿ ಸುಮ್ಮನಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಈಗ ಬರೆಯುವಾಗ ಕೇಳಿಕೊಳ್ಳುತ್ತಿದ್ದೇನೆ, ಯಾವ ಹೆದರಿಕೆ? ಅಪ್ಪ ನನ್ನನ್ನು ಒಂದು ದಿನವೂ ಬೈದವರಲ್ಲ.