ಔರಾದಕ್ಕೆ ಹೋದ ಸಭೆ

ಬೀದರಿನ ನಮ್ಮ ರೊಟ್ಟಿ ಸಂಘಕ್ಕೆ ಭಾಲ್ಕಿ, ಔರಾದಗಳಲ್ಲಿ ಒಂದೊಂದು ಕೇಂದ್ರ. ತಿಂಗಳಿಗೊಮ್ಮೆ ಅಲ್ಲಿ ರೊಟ್ಟಿ ಮಾಡುವ ಹೆಂಗಸರು ಬಸ್ಸು ಹಿಡಿದು ಬೀದರಿಗೆ ಸಭೆಗೆ ಬರುತ್ತಿದ್ದರು. ಸಂಘದ ವ್ಯವಸ್ಥಾಪಕ ನಾನು. ಯಾವ ರೂಢಿ ಕಂಡರೂ ಇದು ಹೀಗೇ ಯಾಕಿರಬೇಕು ಎಂದು ಕೇಳುವ ಚಟ ವಿಶ್ವವಿದ್ಯಾಲಯದಲ್ಲಿ ಹತ್ತಿದ್ದು, ಇನ್ನೂ ಬಿಟ್ಟಿಲ್ಲ. ಕೆಲಸ ಬಿಟ್ಟು ಅವರೇಕೆ ಬರಬೇಕು, ಸಭೆಯೇ ಅವರಲ್ಲಿಗೆ ಹೋಗಲಿ ಎಂದೆ. ಎಲ್ಲರೂ ಒಪ್ಪಿದರು. ಮೊದಲ ಸಭೆ ಔರಾದದಲ್ಲಿ.

ಅಂದೇ ಸಂಜೆ ಔರಾದದಿಂದ ಭಾಲ್ಕಿಯ ಮದುವೆ ಮನೆಯೊಂದಕ್ಕೆ ರೊಟ್ಟಿ ಹೋಗಬೇಕಿತ್ತು. ಆ ಮನೆಯವರು ಮೆಚ್ಚಿದರೆ ಅವರ ಬಳಗದ ಮುಂದಿನ ಮದುವೆಗಳೂ ಆ ಕೇಂದ್ರಕ್ಕೇ. ಅದಕ್ಕೆಂದೇ "ನಮಗಾಗಿ ಏನೂ ಮಾಡಬೇಡಿ, ಚಹಾ ಸಾಕು" ಎಂದು ಫೋನಿನಲ್ಲಿ ಹೇಳಿದ್ದೆ. ಹೇಳಿದ್ದೆನೆಂದೇ ನನ್ನ ನೆನಪು.

ಹೋಗಿ ನೋಡಿದರೆ ರೊಟ್ಟಿ ಬಡಿಯುವ ಸಪ್ಪಳವೇ ಇಲ್ಲ. ಒಂದು ಒಲೆಯ ಮೇಲೆ ಹೋಳಿಗೆ, ಇನ್ನೊಂದರ ಮೇಲೆ ಕಡಲೆಹಿಟ್ಟಿನ ಝುಣಕ.

"ರೊಟ್ಟಿ ಎಲ್ಲಿ ಅಕ್ಕಾ?" ಎಂದು ಕೇಂದ್ರ ನೋಡಿಕೊಳ್ಳುವ ಹಿರಿಯಾಕೆಯನ್ನು ಕೇಳಿದೆ.

"ಆಗ್ತಾವ ತಗೋರಿ. ಬೀದರದಿಂದ ಮಂದಿ ಬಂದಾಗ ಬರೇ ಚಾ ಕುಡಿಸಿ ಕಳಿಸಿದ್ರ ಓಣಿ ಏನಂತದ್ರಿ?"

ಒಳಗಿನಿಂದ ಇನ್ನೊಬ್ಬಾಕೆ ಕೂಗಿದಳು: "ನಿನ್ನಿಲಿಂದ ಯಾರಿಗೂ ಕೈ ಬಿಡುವಿಲ್ಲ ನೋಡ್ರಿ. ಹೊಸಾ ಬೀಗರು ಬಂದಂಗ ಆಗ್ಯದ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಉಣ್ಣಲು ಕೂತೆ. ಎರಡನೆಯ ಹೋಳಿಗೆ ಬೇಡವೆಂದು ತಾಟಿಗೆ ಕೈ ಅಡ್ಡ ಹಿಡಿದದ್ದು ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಜೀಪಿನ ಡ್ರೈವರ್ ಒಪ್ಪುವುದಿಲ್ಲ: "ಏನ್ ಸರ್, ತುಪ್ಪಾ ಕೇಳಿ ಹಾಕಿಸ್ಕೊಂಡ್ರಲ್ರಿ!" ಇದ್ದರೂ ಇರಬಹುದು. ನನ್ನ ನೆನಪು ನನಗೆ ಅನುಕೂಲವಾದದ್ದನ್ನೇ ಉಳಿಸಿಕೊಳ್ಳುತ್ತದೆ, ಅದನ್ನು ನಂಬುವುದು ಬಿಟ್ಟಿದ್ದೇನೆ. ಅವರ ಹೊತ್ತು ಉಳಿಸುತ್ತೇನೆಂದು ಹೋಗಿ ಅದನ್ನೇ ಕೂತು ಉಂಡೆ ಎಂಬ ನಾಚಿಕೆಗೆ ಮಾತ್ರ ಯಾರ ಸಾಕ್ಷಿಯೂ ಬೇಕಾಗಿಲ್ಲ.

ಸಂಜೆಯ ಹೊತ್ತಿಗೆ ಆದದ್ದು ಬೇಕಾದುದರ ಅರ್ಧದಷ್ಟು ರೊಟ್ಟಿ. ಅಷ್ಟನ್ನೇ ಜೀಪಿಗೆ ಹಾಕಿಕೊಂಡು ನಾನೇ ಭಾಲ್ಕಿಗೆ ಹೋದೆ. ಮದುವೆ ಮನೆಯ ಯಜಮಾನರು ಬುಟ್ಟಿಗಳನ್ನು ಬಗ್ಗಿ ನೋಡಿದರು.

"ರೊಟ್ಟಿ ಛಲೋ ಅದಾವ್ರಿ. ಖರೇ, ಪಂಕ್ತಿಗೆ ಕುಂತ ಮಂದಿಗಿ ಅರ್ಧರ್ಧಾ ಮುರದು ಹಾಕ್ಲೇನ್ರಿ? ಮುಂದಿನ ಮದುವಿಗಿ ನಾವು ಬ್ಯಾರೆ ಕಡಿ ನೋಡ್ಕೋತೇವಿ."

ಔರಾದದ ಹಿರಿಯಾಕೆಗೆ ಇದನ್ನು ನಾನೇ ಫೋನಿನಲ್ಲಿ ಹೇಳಿದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸರ್," ಎಂದಳು, "ಮುಂದಿನ ಸಭಾ ಬೀದರದಾಗೇ ಇಡ್ರಿ. ನಾವೇ ಬರ್ತೇವಿ. ಬಸ್ಸಿನಾಗರೇ ನಮಗ ಒಂದೀಟು ಕೂಡ್ಲಾಕ ಸಿಗ್ತದ."

"ಆಯ್ತು ಅಕ್ಕಾ" ಎಂದೆ.